ಹೊಲಕ್ಕೆ ಯಾವ ಕ್ಯಾಮೆರಾ? ಸೋನಿ ಎ6400, ಝಡ್‌ವಿ-ಇ10 ನಡುವೆ ಆಯ್ಕೆ ಮಾಡೋದು ಹೇಗೆ

ಈ ವಾರ ಗೊಬ್ಬರ, ಬೀಜ, ಕಷಾಯ ಎಲ್ಲ ಸ್ವಲ್ಪ ಪಕ್ಕಕ್ಕಿಡೋಣ. ಕ್ಯಾಮೆರಾ ಬಗ್ಗೆ ಮಾತಾಡೋಣ. "ರೈತನಿಗೆ ಕ್ಯಾಮೆರಾ ಯಾಕಪ್ಪಾ?" ಅಂತ ನಿಮ್ಮಲ್ಲಿ ಕೆಲವರು ಕೇಳಬಹುದು. ಮೊದಲು ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಬೆಳೆ ಹಾಳಾದ ಮೇಲೆ ಬುದ್ಧಿ ಬಂತು.

ಕೆ.ಆರ್. ಪುರ ದಾಟಿ ಹೊಸಕೋಟೆ ಕಡೆ ಹೋದರೆ ನನ್ನ ತೋಟ ಸಿಗುತ್ತೆ. ಸೊಪ್ಪು, ಟೊಮೆಟೊ, ಮೆಣಸಿನಕಾಯಿ ಬೆಳೀತೀನಿ, ಎಲ್ಲಾ ಸಾವಯವ. ವಾರಕ್ಕೆ ಎರಡು ದಿನ ಹಲಸೂರು, ಇಂದಿರಾನಗರದ ಮನೆಗಳಿಗೆ ತರಕಾರಿ ಬುಟ್ಟಿ ಕೊಟ್ಟು ಬರ್ತೀನಿ. ಒಂದು ವರ್ಷ ಮೆಣಸಿನ ಗಿಡದ ಚಿಗುರು ಮುರುಟಿಕೊಳ್ಳೋಕೆ ಶುರುವಾಯ್ತು. ಫೋನಿನಲ್ಲಿ ಹತ್ತು ಫೋಟೋ ತೆಗೆದು ಪರಿಚಯದ ಕೃಷಿ ವಿಜ್ಞಾನಿಯೊಬ್ಬರಿಗೆ ವಾಟ್ಸ್‌ಆ್ಯಪ್ ಮಾಡಿದೆ. ಅವರ ಉತ್ತರ: "ಎಲೆ ಮುರುಟಿರೋದು ಕಾಣ್ತಿದೆ, ಕೀಟ ಕಾಣ್ತಿಲ್ಲ. ಥ್ರಿಪ್ಸ್ ಇರಬಹುದು, ಮೈಟ್ ನುಸಿನೂ ಇರಬಹುದು. ಸ್ಪಷ್ಟವಾದ ಫೋಟೋ ಕಳಿಸಿ."

ಸ್ಪಷ್ಟವಾದ ಫೋಟೋ ನನ್ನ ಹತ್ರ ಇರಲಿಲ್ಲ. ತೋಟಗಾರಿಕೆ ಓದಿದವನು ಅನ್ನೋ ಧೈರ್ಯದಲ್ಲಿ ನಾನೇ "ಮೈಟ್" ಅಂತ ತೀರ್ಮಾನ ಮಾಡಿ ನೀರಲ್ಲಿ ಕರಗುವ ಗಂಧಕ ಹೊಡೆದೆ. ಗಂಧಕ ಮೈಟ್ ನುಸಿಗೆ ಕೆಲಸ ಮಾಡುತ್ತೆ. ಥ್ರಿಪ್ಸ್‌ಗೆ ಅದನ್ನ ನೆಚ್ಚಿಕೊಳ್ಳೋ ಹಾಗಿಲ್ಲ. ನನ್ನ ಗಿಡದಲ್ಲಿ ಇದ್ದದ್ದು ಥ್ರಿಪ್ಸ್. ಅದು ಗೊತ್ತಾಗುವಷ್ಟರಲ್ಲಿ ಹತ್ತು ದಿನ ಕಳೆದಿತ್ತು, ಹೂವೆಲ್ಲ ಉದುರಿ ಹೋಗಿತ್ತು. ತಪ್ಪು ನಂದೇ.

ಅವತ್ತು ಶುರುವಾಗಿದ್ದು ಈ ಕ್ಯಾಮೆರಾ ಹುಡುಕಾಟ. ಹುಡುಕಿ ಹುಡುಕಿ ಕೊನೆಗೆ ಎರಡು ಮಾಡೆಲ್ ಉಳಿದವು: ಸೋನಿ ಎ6400 ಮತ್ತು ಸೋನಿ ಝಡ್‌ವಿ-ಇ10. ಎರಡೂ ಚಿಕ್ಕವು, ಎರಡೂ ಮಿರರ್‌ಲೆಸ್, ನೋಡೋಕೂ ಅಣ್ಣತಮ್ಮಂದಿರ ಥರ. ಕಾಗದದ ಮೇಲೆ ಓದಿದರೆ ವ್ಯತ್ಯಾಸ ಗೊತ್ತೇ ಆಗಲ್ಲ. ಹೊಲದಲ್ಲಿ ಹಿಡಿದರೆ ಮಾತ್ರ ಗೊತ್ತಾಗುತ್ತೆ.

ಮಿರರ್‌ಲೆಸ್ ಅಂದ್ರೆ ಏನು?

ಹಳೇ ಡಿಎಸ್‌ಎಲ್‌ಆರ್ ಕ್ಯಾಮೆರಾದೊಳಗೆ ಒಂದು ಕನ್ನಡಿ ಇರುತ್ತೆ. ಲೆನ್ಸ್‌ನಿಂದ ಬಂದ ಬೆಳಕನ್ನ ಅದು ಮೇಲಿನ ಕಿಂಡಿಗೆ ತಿರುಗಿಸುತ್ತೆ. ಬಟನ್ ಒತ್ತಿದಾಗ ಕನ್ನಡಿ ಎದ್ದು, ಬೆಳಕು ಸೆನ್ಸರ್ ಮೇಲೆ ಬೀಳುತ್ತೆ. ಮಿರರ್‌ಲೆಸ್‌ನಲ್ಲಿ ಆ ಕನ್ನಡಿ ಇಲ್ಲ. ಬೆಳಕು ನೇರ ಸೆನ್ಸರ್‌ಗೇ ಹೋಗುತ್ತೆ, ನಿಮ್ಮ ಫೋನಿನ ಹಾಗೇ. ಅದಕ್ಕೇ ಬಾಡಿ ಚಿಕ್ಕದು, ತೂಕ ಕಮ್ಮಿ. ಆದರೆ ಫೋನಿಗಿಂತ ಸೆನ್ಸರ್ ಎಷ್ಟೋ ದೊಡ್ಡದು, ಮತ್ತೆ ಲೆನ್ಸ್ ಬದಲಾಯಿಸಬಹುದು. ನಮಗೆ ಮುಖ್ಯವಾದದ್ದು ಈ ಎರಡನೇದು.

ಎರಡರಲ್ಲೂ ಒಂದೇ ಆಗಿರೋದು

ಮೊದಲು ಇದನ್ನ ತಿಳ್ಕೊಳ್ಳಿ, ಯಾಕಂದ್ರೆ ಅಂಗಡಿಯಲ್ಲಿ ಇವನ್ನೇ ದೊಡ್ಡದಾಗಿ ಹೇಳ್ತಾರೆ.

- ಸೆನ್ಸರ್: ಎರಡರಲ್ಲೂ ಎಪಿಎಸ್-ಸಿ ಅಳತೆ, 24.2 ಮೆಗಾಪಿಕ್ಸೆಲ್. ಒಂದೇ ಲೆನ್ಸ್ ಹಾಕಿ ತೆಗೆದ ಫೋಟೋ ಪಕ್ಕಪಕ್ಕ ಇಟ್ರೆ ಯಾವುದು ಯಾವ ಕ್ಯಾಮೆರಾದ್ದು ಅಂತ ಹೇಳೋದು ಕಷ್ಟ.
- ಫೋಕಸ್: ಎರಡರಲ್ಲೂ 425 ಫೋಕಸ್ ಬಿಂದುಗಳು. ಮನುಷ್ಯರ, ಪ್ರಾಣಿಗಳ ಕಣ್ಣು ಹುಡುಕಿ ಹಿಡಿಯುತ್ತೆ. ನಾಯಿ ಥರದ ಪ್ರಾಣಿಗಳ ಫೋಟೋ ತೆಗೆಯೋರಿಗೆ ಉಪಯೋಗ.
- ವಿಡಿಯೋ: ಎರಡೂ 4ಕೆ ತೆಗೆಯುತ್ತವೆ. ಅರ್ಧ ಗಂಟೆಗೆ ತಾನೇ ನಿಲ್ಲುವ ಕಟ್ಟುಪಾಡು ಎರಡರಲ್ಲೂ ಇಲ್ಲ.
- ಬ್ಯಾಟರಿ: ಎರಡಕ್ಕೂ ಎನ್‌ಪಿ-ಎಫ್‌ಡಬ್ಲ್ಯೂ50 ಅನ್ನೋ ಚಿಕ್ಕ ಬ್ಯಾಟರಿ. ವಿಡಿಯೋ ಮಾಡಿದ್ರೆ ಬೇಗ ಖಾಲಿ. ಯಾವುದು ತಗೊಂಡ್ರೂ ಇನ್ನೊಂದು ಬ್ಯಾಟರಿ ಬೇಕೇ ಬೇಕು.
- ಲೆನ್ಸ್: ಎರಡಕ್ಕೂ ಸೋನಿ ಇ-ಮೌಂಟ್. ಇದರ ಲೆನ್ಸ್ ಅದಕ್ಕೆ, ಅದರ ಲೆನ್ಸ್ ಇದಕ್ಕೆ ಆಗುತ್ತೆ.
- ಕೊರತೆ: ಕೈ ನಡುಕ ತಡೆಯುವ ವ್ಯವಸ್ಥೆ ಎರಡರ ಬಾಡಿಯಲ್ಲೂ ಇಲ್ಲ. ಲೆನ್ಸ್‌ನಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅಂದ್ರೆ "ಇದರಲ್ಲಿ ಫೋಟೋ ಕ್ಲಾರಿಟಿ ಜಾಸ್ತಿ" ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

ನಿಜವಾದ ವ್ಯತ್ಯಾಸ ಎಲ್ಲಿದೆ?

ನಾನು ಎರಡನ್ನೂ ಒಂದು ದಿನದ ಬಾಡಿಗೆಗೆ ತಂದು ತೋಟದಲ್ಲೇ ಪರೀಕ್ಷೆ ಮಾಡಿದೆ. ಬೆಂಗಳೂರಿನಲ್ಲಿ ಕ್ಯಾಮೆರಾ ಬಾಡಿಗೆಗೆ ಕೊಡೋರು ಬೇಕಾದಷ್ಟು ಜನ ಇದ್ದಾರೆ. ಮೆಟ್ರೋ ನೇರಳೆ ಮಾರ್ಗ ಇರೋದ್ರಿಂದ ಕೆ.ಆರ್. ಪುರದಲ್ಲಿ ಹತ್ತಿ ಇಂದಿರಾನಗರದಲ್ಲಿ ಇಳಿದು ತಂದುಬಿಡಬಹುದು. ಸಾವಿರಾರು ರೂಪಾಯಿ ಸುರಿಯೋಕೆ ಮುಂಚೆ ಒಂದು ದಿನದ ಬಾಡಿಗೆ ಕೊಡೋದು ಲಾಭವೇ. ನನಗೆ ಕಂಡ ವ್ಯತ್ಯಾಸ ಇವು.

1. ಕಣ್ಣಿಟ್ಟು ನೋಡುವ ಕಿಂಡಿ. ಎ6400ರಲ್ಲಿ ವ್ಯೂಫೈಂಡರ್ ಇದೆ, ಝಡ್‌ವಿ-ಇ10ನಲ್ಲಿ ಇಲ್ಲ. ಅಂಗಡಿಯ ಎಸಿ ಕೋಣೆಯಲ್ಲಿ ಇದು ಸಣ್ಣ ವಿಷಯ ಅನ್ಸುತ್ತೆ. ಮಧ್ಯಾಹ್ನ 12 ಗಂಟೆಗೆ ಮೆಣಸಿನ ಸಾಲಿನಲ್ಲಿ ನಿಂತು ನೋಡಿ. ಬಿಸಿಲಿಗೆ ಹಿಂದಿನ ಪರದೆ ಕನ್ನಡಿ ಥರ ಆಗಿ ನಮ್ಮ ಮುಖಾನೇ ಕಾಣುತ್ತೆ. ಫೋಕಸ್ ಎಲೆ ಮೇಲಿದೆಯೋ ಹುಳದ ಮೇಲಿದೆಯೋ ಗೊತ್ತಾಗಲ್ಲ. ಟವೆಲ್ ಮುಚ್ಚಿಕೊಂಡು ನೋಡಿದೆ, ಆಗುತ್ತೆ, ಆದ್ರೆ ಒಂದು ಕೈ ಅದಕ್ಕೇ ಹೋಗುತ್ತೆ. ಕಿಂಡಿ ಇದ್ರೆ ಕ್ಯಾಮೆರಾ ಹಣೆಗೆ ಒತ್ತಿಕೊಂಡಿರುತ್ತೆ, ಅಲುಗಾಟವೂ ಕಮ್ಮಿ.

2. ಪರದೆ ತಿರುಗುವ ರೀತಿ. ಎ6400ರ ಪರದೆ ಮೇಲಕ್ಕೆ, ಕೆಳಕ್ಕೆ ಮಡಚುತ್ತೆ. ಪೂರ್ತಿ ಮೇಲೆತ್ತಿದ್ರೆ ನಿಮ್ಮನ್ನ ನೀವೇ ನೋಡ್ಕೋಬಹುದು, ಆದ್ರೆ ಮೇಲೆ ಮೈಕ್ ಸಿಕ್ಕಿಸಿದ್ರೆ ಅದು ಅಡ್ಡ ಬರುತ್ತೆ. ಝಡ್‌ವಿ-ಇ10ರ ಪರದೆ ಪಕ್ಕಕ್ಕೆ ಬಾಗಿಲ ಥರ ತೆರೆದು ಸುತ್ತ ತಿರುಗುತ್ತೆ. ಒಬ್ಬರೇ ನಿಂತು ವಿಡಿಯೋ ಮಾಡೋರಿಗೆ ಇದೇ ಅನುಕೂಲ. ಕ್ಯಾಮೆರಾನ ಉದ್ದಕ್ಕೆ ಹಿಡಿದು ನೆಲಮಟ್ಟದಲ್ಲಿ ಸಸಿ ತೆಗೆಯೋಕೂ ಇದೇ ಚೆನ್ನಾಗಿದೆ.

3. ಧ್ವನಿ. ಝಡ್‌ವಿ-ಇ10ರ ಮೇಲೆ ಮೂರು ಕ್ಯಾಪ್ಸೂಲ್‌ನ ಮೈಕ್ ಇದೆ, ಗಾಳಿ ಸದ್ದು ತಡೆಯೋ ರೋಮದ ಟೋಪಿಯೂ ಪೆಟ್ಟಿಗೆಯಲ್ಲೇ ಬರುತ್ತೆ. ಜೊತೆಗೆ ಹೆಡ್‌ಫೋನ್ ಹಾಕಿ ಕೇಳುವ ತೂತು ಇದೆ. ಎ6400ರಲ್ಲಿ ಹೊರಗಿನ ಮೈಕ್ ಹಾಕಬಹುದು, ಹೆಡ್‌ಫೋನ್ ತೂತು ಇಲ್ಲ. ಬಯಲಲ್ಲಿ ವಿಡಿಯೋ ಮಾಡಿದೋರಿಗೆ ಗೊತ್ತು: ಚಿತ್ರ ಸ್ವಲ್ಪ ಮಂಕಾದ್ರೂ ಜನ ನೋಡ್ತಾರೆ, ಮಾತು ಕೇಳದಿದ್ರೆ ಮುಂದಕ್ಕೆ ಹೋಗ್ತಾರೆ.

4. ಗಟ್ಟಿತನ. ಎ6400ರ ಮೈ ಮೆಗ್ನೀಷಿಯಂ ಮಿಶ್ರಲೋಹದ್ದು, ಧೂಳು, ತೇವ ಸ್ವಲ್ಪ ಮಟ್ಟಿಗೆ ತಡೆಯೋ ಹಾಗೆ ಮಾಡಿದ್ದಾರೆ. ಹಾಗಂತ ಮಳೆಯಲ್ಲಿ ನೆನೆಸಬೇಡಿ. ಝಡ್‌ವಿ-ಇ10 ಪ್ಲಾಸ್ಟಿಕ್ ಮೈ, ಆ ರಕ್ಷಣೆ ಇಲ್ಲ. ಬ್ಯಾಟರಿ, ಕಾರ್ಡ್ ಸೇರಿ ತೂಕ ಎ6400 403 ಗ್ರಾಂ, ಝಡ್‌ವಿ-ಇ10 343 ಗ್ರಾಂ.

5. ಚಾರ್ಜಿಂಗ್ ಮತ್ತು ಫ್ಲ್ಯಾಶ್. ಝಡ್‌ವಿ-ಇ10ಗೆ ಯುಎಸ್‌ಬಿ-ಸಿ ಇದೆ, ಈಗಿನ ಫೋನ್ ಚಾರ್ಜರ್ ಕೇಬಲ್ ಸಾಕು. ಎ6400ಗೆ ಹಳೇ ಮೈಕ್ರೋ ಯುಎಸ್‌ಬಿ. ಎ6400ರೊಳಗೆ ಚಿಕ್ಕ ಫ್ಲ್ಯಾಶ್ ಇದೆ, ಝಡ್‌ವಿ-ಇ10ನಲ್ಲಿ ಇಲ್ಲ, ಹೊರಗಿನದು ಸಿಕ್ಕಿಸಬೇಕು.

6. ಬೆಲೆ. ಭಾರತಕ್ಕೆ ಬಂದಾಗ ಎ6400 ಬಾಡಿ ಬೆಲೆ 75,990 ರೂ. (2019), ಝಡ್‌ವಿ-ಇ10 ಬಾಡಿ ಬೆಲೆ 59,490 ರೂ. (2021). ಈಗಿನ ಬೆಲೆ ಅಂಗಡಿ, ಹಬ್ಬದ ಆಫರ್ ನೋಡಿ ಬದಲಾಗುತ್ತೆ. ಆಗಿನ ಲೆಕ್ಕದಲ್ಲಿ ಅಂತರ 16,500 ರೂ. ಈ ಅಂತರವನ್ನ ಮರೀಬೇಡಿ, ಮುಂದೆ ಬೇಕಾಗುತ್ತೆ.

ಹುಳ ಕಾಣಿಸೋದು ಬಾಡಿ ಅಲ್ಲ, ಲೆನ್ಸ್

ಈಗ ಒಂದು ಚಿಕ್ಕ ಲೆಕ್ಕ ಮಾಡೋಣ. ಹೆದರಬೇಡಿ, ಗುಣಾಕಾರ, ಭಾಗಾಕಾರ ಅಷ್ಟೇ.

ಮೆಣಸಿಗೆ ಬರುವ ಥ್ರಿಪ್ಸ್ ಉದ್ದ ಸುಮಾರು 1 ಮಿ.ಮೀ. ನಮ್ಮ ಸೆನ್ಸರ್ ಅಗಲ 23.5 ಮಿ.ಮೀ., ಅದರಲ್ಲಿ ಅಡ್ಡಕ್ಕೆ 6000 ಪಿಕ್ಸೆಲ್. ಕ್ಯಾಮೆರಾ ಜೊತೆ ಬರುವ 16-50 ಮಿ.ಮೀ. ಕಿಟ್ ಲೆನ್ಸ್ ಎಷ್ಟೇ ಹತ್ರ ಹೋದರೂ ವಸ್ತುವನ್ನ ಸೆನ್ಸರ್ ಮೇಲೆ 0.215 ಪಟ್ಟು ಮಾತ್ರ ಮೂಡಿಸುತ್ತೆ. ಅಂದ್ರೆ 1 ಮಿ.ಮೀ. ಹುಳ ಫೋಟೋದಲ್ಲಿ ಸುಮಾರು 55 ಪಿಕ್ಸೆಲ್. ಅದು ಒಂದು ಕಡ್ಡಿ ಚೂರಿನ ಥರ ಕಾಣುತ್ತೆ, ಅಷ್ಟೇ. 1:1 ಮ್ಯಾಕ್ರೋ ಲೆನ್ಸ್ ಹಾಕಿದ್ರೆ ಅದೇ ಹುಳ ಸುಮಾರು 255 ಪಿಕ್ಸೆಲ್. ಆಗ ಬಣ್ಣ ಕಾಣುತ್ತೆ, ರೆಕ್ಕೆ ಕಾಣುತ್ತೆ, ನೋಡಿದ ವಿಜ್ಞಾನಿಗೆ ಏನಾದ್ರೂ ಹೇಳೋಕೆ ಆಗುತ್ತೆ.

ಎ6400 ಆಗಲಿ, ಝಡ್‌ವಿ-ಇ10 ಆಗಲಿ, ಈ ಲೆಕ್ಕ ಬದಲಾಗಲ್ಲ. 70-80 ಸಾವಿರ ಕೊಟ್ಟು ಕಿಟ್ ಲೆನ್ಸ್‌ನಲ್ಲೇ ಹುಳ ತೆಗೆಯೋಕೆ ಹೋದ್ರೆ ಫೋನಿಗಿಂತ ಹೆಚ್ಚೇನೂ ಸಿಗಲ್ಲ. ನನಗೆ ಇದು ಬಾಡಿಗೆ ದಿನವೇ ಗೊತ್ತಾಗಿದ್ದು. ಗೊತ್ತಾಗದೆ ಕೊಂಡಿದ್ರೆ ಅಳಬೇಕಾಗಿತ್ತು.

ಹತ್ತಿರದ ಫೋಟೋಗೆ ದಾರಿಗಳು ಮೂರು:

- ಎಕ್ಸ್‌ಟೆನ್ಶನ್ ಟ್ಯೂಬ್: ಬಾಡಿಗೂ ಲೆನ್ಸ್‌ಗೂ ನಡುವೆ ಹಾಕುವ ಖಾಲಿ ಬಳೆ. ಒಳಗೆ ಗಾಜು ಇರಲ್ಲ, ಅದಕ್ಕೇ ಅಗ್ಗ. 10 ಮಿ.ಮೀ., 16 ಮಿ.ಮೀ. ಜೋಡಿಯಾಗಿ ಸಿಗುತ್ತೆ. ಕಿಟ್ ಲೆನ್ಸ್‌ನ 50 ಮಿ.ಮೀ.ಗೆ ಝೂಮ್ ಮಾಡಿ 16ರ ಬಳೆ ಹಾಕಿದ್ರೆ ಹೆಚ್ಚುಕಮ್ಮಿ ಅರ್ಧ ಪಟ್ಟು ಮುಟ್ಟುತ್ತೆ. ಥ್ರಿಪ್ಸ್ ಸುಮಾರು 125 ಪಿಕ್ಸೆಲ್. ಎಲೆಕ್ಟ್ರಿಕ್ ಸಂಪರ್ಕ ಇರುವ ಬಳೆಯನ್ನೇ ತಗೊಳ್ಳಿ, ಇಲ್ಲದಿದ್ರೆ ಆ ಲೆನ್ಸ್ ಕೆಲಸ ಮಾಡಲ್ಲ.
- ಸೋನಿ 30 ಮಿ.ಮೀ. ಮ್ಯಾಕ್ರೋ: ಪೂರ್ತಿ 1:1. ಆದ್ರೆ ಲೆನ್ಸ್ ತುದಿ ಎಲೆಗೆ ಎರಡೂವರೆ ಸೆಂ.ಮೀ. ಒಳಗೆ ಹೋಗಬೇಕು. ಲೆನ್ಸ್ ನೆರಳೇ ಬೀಳುತ್ತೆ, ಹುಳ ಹಾರಿಹೋಗುತ್ತೆ.
- ಸೋನಿ 50 ಮಿ.ಮೀ. ಎಫ್2.8 ಮ್ಯಾಕ್ರೋ: ಇದೂ 1:1, ಸ್ವಲ್ಪ ದೂರದಿಂದ ತೆಗೆಯಬಹುದು. ಫೋಕಸ್ ನಿಧಾನ, ಬೆಲೆ ಜಾಸ್ತಿ.

ಮೇಲೆ ಹೇಳಿದ 16,500 ರೂ. ಅಂತರ ಈಗ ನೆನಪು ಮಾಡ್ಕೊಳ್ಳಿ. ಆ ದುಡ್ಡು ವ್ಯೂಫೈಂಡರ್‌ಗೆ ಹಾಕ್ತೀರೋ, ಲೆನ್ಸ್‌ಗೆ ಹಾಕ್ತೀರೋ? ಆಯ್ಕೆಯ ಪ್ರಶ್ನೆ ಇಷ್ಟೇ.

ಹಾಗಾದ್ರೆ ಯಾರಿಗೆ ಯಾವುದು?

ಝಡ್‌ವಿ-ಇ10 ತಗೊಳ್ಳಿ: ನಿಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ವಿಡಿಯೋ ಆಗಿದ್ರೆ. ತೋಟದ ಯೂಟ್ಯೂಬ್ ಚಾನೆಲ್, ಗ್ರಾಹಕರಿಗೆ ಕಳಿಸೋ ರೀಲ್ಸ್, ನರ್ಸರಿ ಸಸಿಗಳ ಪರಿಚಯ ಮಾಡೋರಿಗೆ ಇದು ಸಾಕು. ವಸ್ತುವನ್ನ ಕ್ಯಾಮೆರಾ ಮುಂದೆ ಹಿಡಿದ ತಕ್ಷಣ ಮುಖ ಬಿಟ್ಟು ಅದರ ಮೇಲೆ ಫೋಕಸ್ ಹೋಗುವ ಸೌಲಭ್ಯವೂ ಇದೆ. ಕೈಯಲ್ಲಿ ಟೊಮೆಟೊ ಹಿಡಿದು ಮಾತಾಡೋಕೆ ಹೇಳಿ ಮಾಡಿಸಿದ ಹಾಗಿದೆ. ಪಕ್ಕದ ತೋಟದ ಹುಡುಗ ಹೂ ಬೆಳೆದು ರಸೆಲ್ ಮಾರ್ಕೆಟ್‌ಗೆ ಹಾಕ್ತಾನೆ. ಅವನು "ಅಣ್ಣಾ, ನಂಗೆ ಹುಳ ಬೇಡ, ಹೂವಿನ ವಿಡಿಯೋ ಬೇಕು" ಅಂದ. ಅವನು ಇದನ್ನೇ ತಗೊಂಡ. ಸರಿಯಾದ ಆಯ್ಕೆ.

ಎ6400 ತಗೊಳ್ಳಿ: ಬಿಸಿಲಲ್ಲಿ, ಧೂಳಲ್ಲಿ ನಿಂತು ಫೋಟೋ ತೆಗೆಯೋದೇ ಹೆಚ್ಚಾಗಿದ್ರೆ. ಕೀಟ, ರೋಗ, ಹಕ್ಕಿ, ಜೇನು, ದನಕರು. ನಾನು ಇದನ್ನೇ ತಗೊಂಡೆ, ಆದ್ರೆ ಸೆಕೆಂಡ್ ಹ್ಯಾಂಡ್. ಉಳಿದ ದುಡ್ಡನ್ನ ಮ್ಯಾಕ್ರೋ ಲೆನ್ಸ್‌ಗೆ ಹಾಕಿದೆ.

2024ರಲ್ಲಿ ಝಡ್‌ವಿ-ಇ10ನ ಎರಡನೇ ಆವೃತ್ತಿ ಬಂದಿದೆ. 26 ಮೆಗಾಪಿಕ್ಸೆಲ್, ದೊಡ್ಡ ಬ್ಯಾಟರಿ, ಆದ್ರೆ ಕಿಂಡಿ ಅದರಲ್ಲೂ ಇಲ್ಲ. ಹೊಸದು ಬಂದಾಗ ಹಳೇದನ್ನ ಮಾರೋರು ಇರ್ತಾರೆ, ಅದು ನಮಗೆ ಒಳ್ಳೇದೇ.

ಎರಡೂ ಬೇಡ ಅನ್ನೋರು: ವರ್ಷಕ್ಕೆ ನಾಲ್ಕು ಸಲ ಫೋಟೋ ತೆಗೆಯೋದಾದ್ರೆ, ಅಥವಾ ಸಾಲ ಮಾಡಿ ತಗೋಬೇಕು ಅಂತಿದ್ರೆ, ದಯವಿಟ್ಟು ಬೇಡ. ಫೋನಿಗೆ ಸಿಕ್ಕಿಸುವ ಕ್ಲಿಪ್ ಮ್ಯಾಕ್ರೋ ಲೆನ್ಸ್ ಒಂದು, 10ಎಕ್ಸ್ ಭೂತಗನ್ನಡಿ ಒಂದು ಸಾಕು. ಆಭರಣದವರು ಕಣ್ಣಿಗೆ ಇಟ್ಟು ಹರಳು ನೋಡ್ತಾರಲ್ಲ, ಅದೇ. ನನ್ನದು ಶಿವಾಜಿನಗರದ ಜ್ಯುವೆಲ್ಲರ್ಸ್ ಸ್ಟ್ರೀಟ್ ಕಡೆ ತಗೊಂಡಿದ್ದು, ಇವತ್ತಿಗೂ ಜೇಬಲ್ಲಿರುತ್ತೆ. ಆ ಕಾಲಕ್ಕೇ ಇದು ಜೇಬಲ್ಲಿದ್ದಿದ್ರೆ ನನ್ನ ಮೆಣಸಿನಕಾಯಿ ಉಳೀತಿತ್ತು.

ಹಳೇ ಕ್ಯಾಮೆರಾ ತಗೊಳ್ಳುವಾಗ

- ಬಿಲ್ ಇದೆಯಾ, ಬಿಲ್‌ನ ಸೀರಿಯಲ್ ನಂಬರ್ ಕ್ಯಾಮೆರಾ ಅಡಿಯ ನಂಬರ್‌ಗೆ ಹೊಂದುತ್ತಾ ನೋಡಿ. ಬಿಲ್ ಇಲ್ಲದ್ದು ಎಷ್ಟೇ ಅಗ್ಗ ಇದ್ರೂ ಬೇಡ.
- ಬಿಳಿ ಗೋಡೆ ಅಥವಾ ಆಕಾಶದ ಫೋಟೋ ಎಫ್/22ರಲ್ಲಿ ತೆಗೆಯಿರಿ. ಕಪ್ಪು ಚುಕ್ಕಿ ಕಂಡ್ರೆ ಸೆನ್ಸರ್ ಮೇಲೆ ಧೂಳಿದೆ. ಧೂಳಾದ್ರೆ ತೆಗೆಸಬಹುದು, ಗೀರು ಆದ್ರೆ ಆಗಲ್ಲ.
- ಲೆನ್ಸ್ ಒಳಗೆ ಟಾರ್ಚ್ ಬಿಡಿ. ಜೇಡರ ಬಲೆ ಥರ ಕಂಡ್ರೆ ಫಂಗಸ್. ವಾಪಸ್ ಕೊಟ್ಟುಬಿಡಿ.
- ಎಷ್ಟು ಸಲ ಶಟರ್ ಬಿದ್ದಿದೆ ಕೇಳಿ. ಎ6400ರ ಶಟರನ್ನ ಸುಮಾರು 2 ಲಕ್ಷ ಸಲಕ್ಕೆ ಪರೀಕ್ಷಿಸಿದ್ದಾರೆ. 20-30 ಸಾವಿರ ಆಗಿದ್ರೆ ಚಿಂತೆ ಇಲ್ಲ.
- ನಿಮ್ಮದೇ ಮೆಮೊರಿ ಕಾರ್ಡ್ ತಗೊಂಡು ಹೋಗಿ, ಹತ್ತು ನಿಮಿಷ 4ಕೆ ವಿಡಿಯೋ ಅಲ್ಲೇ ಮಾಡಿ ನೋಡಿ.

ಉತ್ತರ ಸಿಗುವಂಥ ಫೋಟೋ ತೆಗೆಯೋದು ಹೇಗೆ?

ಕ್ಯಾಮೆರಾ ಇರಲಿ, ಫೋನ್ ಇರಲಿ, ಇದನ್ನ ಪಾಲಿಸಿ.

ಮೊದಲು ಹೊಲದ ಒಂದು ಫೋಟೋ, ರೋಗ ಎಲ್ಲೆಲ್ಲಿ ಹಬ್ಬಿದೆ ಕಾಣಬೇಕು. ಆಮೇಲೆ ಒಂದು ಪೂರ್ತಿ ಗಿಡ. ಆಮೇಲೆ ಎಲೆಯ ಮುಂಭಾಗ, ಹಿಂಭಾಗ ಎರಡೂ. ಕೊನೆಗೆ ಹತ್ತಿರದ ಫೋಟೋ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಅಥವಾ ಸ್ಕೇಲ್ ಇಟ್ಟು. ಅಳತೆ ಗೊತ್ತಾಗದಿದ್ರೆ ನೋಡೋರು ಊಹೆ ಮಾಡಬೇಕಾಗುತ್ತೆ.

ಮೆಣಸಿನ ಮುರುಟಿಗೆ ಒಂದು ಗುರುತು ನೆನಪಿಡಿ. ಎಲೆ ಅಂಚು ಮೇಲಕ್ಕೆ ಮುದುರಿದ್ರೆ ಹೆಚ್ಚಾಗಿ ಥ್ರಿಪ್ಸ್, ಕೆಳಕ್ಕೆ ಬಗ್ಗಿ ತಲೆಕೆಳಗಾದ ದೋಣಿ ಥರ ಆದ್ರೆ ಹೆಚ್ಚಾಗಿ ಮೈಟ್. ಎರಡೂ ಒಟ್ಟಿಗೆ ಬಂದ್ರೆ ಗೊಂದಲ ಆಗುತ್ತೆ, ಆಗ ಕೀಟವನ್ನೇ ನೋಡಬೇಕು. ಬಿಳಿ ಹಾಳೆ ಹಿಡಿದು ಅದರ ಮೇಲೆ ಚಿಗುರು, ಹೂವನ್ನ ನಿಧಾನಕ್ಕೆ ತಟ್ಟಿ. ಥ್ರಿಪ್ಸ್ ಇದ್ರೆ ಹಾಳೆ ಮೇಲೆ ಬಿದ್ದು ಓಡಾಡುತ್ತೆ. ಅಲ್ಲೇ ಫೋಟೋ ತೆಗೆಯಿರಿ, ಬಿಳಿ ಹಿನ್ನೆಲೆಯಲ್ಲಿ ಚೆನ್ನಾಗಿ ಬರುತ್ತೆ. ಮೈಟ್ ಸುಮಾರು 0.2 ಮಿ.ಮೀ. ಮಾತ್ರ, 1:1 ಲೆನ್ಸ್‌ನಲ್ಲೂ 50 ಪಿಕ್ಸೆಲ್ಲೇ. ಅದಕ್ಕೆ ಎಲೆಯನ್ನೇ ಕವರ್‌ನಲ್ಲಿ ಹಾಕಿ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೆಸರಘಟ್ಟದ ಐಐಎಚ್‌ಆರ್‌ಗೋ ತಗೊಂಡು ಹೋಗಿ.

ಯಾವ ಥ್ರಿಪ್ಸ್ ಅನ್ನೋದೂ ಮುಖ್ಯ. ಥ್ರಿಪ್ಸ್ ಪಾರ್ವಿಸ್ಪೈನಸ್ ಅನ್ನೋ ಹೊರಗಿನ ಜಾತಿ ಭಾರತದಲ್ಲಿ ಇರೋದು 2015ರಲ್ಲಿ ಮೊದಲು ವರದಿಯಾಗಿದ್ದು ನಮ್ಮ ಬೆಂಗಳೂರಿನ ಪರಂಗಿ ಗಿಡದಿಂದ. 2021ರಲ್ಲಿ ಅದು ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಬೆಳೆಯನ್ನ ಮುಕ್ಕಿತು. ಅದು ಹೆಚ್ಚಾಗಿ ಹೂವಿನಲ್ಲಿ ಸೇರಿಕೊಳ್ಳುತ್ತೆ. ಎಲೆ ಮಾತ್ರ ನೋಡಿದ್ರೆ ತಪ್ಪಿಹೋಗುತ್ತೆ, ಹೂ ಬಿಡಿಸಿ ನೋಡಿ.

ಸೆಟ್ಟಿಂಗ್ ವಿಷಯಕ್ಕೆ ಬಂದ್ರೆ, ಹತ್ತಿರದ ಫೋಟೋಗೆ ಎಫ್/8, ಶಟರ್ 1/200 ಅಥವಾ ಇನ್ನೂ ವೇಗ, ಐಎಸ್‌ಒ ಆಟೋ. ಬೆಳಿಗ್ಗೆ ಗಾಳಿ ಕಮ್ಮಿ ಇರುವಾಗ ತೆಗೆಯಿರಿ. ಎದುರು ಬದಿಗೆ ಒಂದು ಬಿಳಿ ಹಾಳೆ ಹಿಡಿದ್ರೆ ನೆರಳಿನ ಕಡೆಗೂ ಬೆಳಕು ಬೀಳುತ್ತೆ. ಎಲ್‌ಇಡಿ ದೀಪದ ಕೆಳಗೆ ವಿಡಿಯೋ ಮಾಡಿದಾಗ ಪಟ್ಟಿ ಪಟ್ಟಿ ಓಡುತ್ತಾ? ನಮ್ಮ ಕರೆಂಟ್ 50 ಹರ್ಟ್ಜ್. ಕ್ಯಾಮೆರಾವನ್ನ ಪಾಲ್‌ಗೆ ಹಾಕಿ, 25 ಫ್ರೇಮ್, ಶಟರ್ 1/50 ಇಟ್ಟರೆ ಸಾಮಾನ್ಯವಾಗಿ ಹೋಗುತ್ತೆ.

ಕಳಿಸುವಾಗ ವಾಟ್ಸ್‌ಆ್ಯಪ್‌ನಲ್ಲಿ "ಫೋಟೋ" ಅಂತ ಕಳಿಸಬೇಡಿ, ಅದು ಅಮುಕಿ ಚಿಕ್ಕದು ಮಾಡುತ್ತೆ. "ಡಾಕ್ಯುಮೆಂಟ್" ಅಂತ ಕಳಿಸಿ. ಇಷ್ಟೊಂದು ದುಡ್ಡು ಕೊಟ್ಟು ತೆಗೆದ ಪಿಕ್ಸೆಲ್ ದಾರಿಯಲ್ಲೇ ಕಳ್ಕೋಬೇಡಿ.

ತೋಟದಲ್ಲಿ ಜೋಪಾನ

ಮಿರರ್‌ಲೆಸ್‌ನಲ್ಲಿ ಲೆನ್ಸ್ ತೆಗೆದ್ರೆ ಸೆನ್ಸರ್ ಬಯಲಿಗೆ ಬಿದ್ದ ಹಾಗೆ. ಗಾಳಿ, ಧೂಳಲ್ಲಿ ಲೆನ್ಸ್ ಬದಲಾಯಿಸಬೇಡಿ. ಬದಲಾಯಿಸಲೇಬೇಕಾದ್ರೆ ಕ್ಯಾಮೆರಾ ಬಾಯಿ ನೆಲದ ಕಡೆ ಇರಲಿ. ಜೀವಾಮೃತ ಕಲಸಿದ ಕೈ, ಬೇವಿನೆಣ್ಣೆ ಹಚ್ಚಿದ ಕೈ ತೊಳೆಯದೆ ಮುಟ್ಟಬೇಡಿ. ಪಾಲಿಹೌಸ್ ಒಳಗೆ ಸೆಖೆಗೆ ವಿಡಿಯೋ ಮಧ್ಯೆ ಕ್ಯಾಮೆರಾ ಆಫ್ ಆಗಬಹುದು, ತುಂಡು ತುಂಡಾಗಿ ತೆಗೆಯಿರಿ. ಮಳೆಗಾಲದಲ್ಲಿ ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ, ಬ್ಯಾಗಲ್ಲೇ ಬಿಟ್ರೆ ಲೆನ್ಸ್‌ಗೆ ಫಂಗಸ್ ಗ್ಯಾರಂಟಿ.

ಕೊನೆಗೆ ಒಂದು ಮಾತು. ಹೋದ ಬೇಸಿಗೆಯಲ್ಲಿ ಮತ್ತೆ ಚಿಗುರು ಮುದುರಿತು. ಈ ಸಲ ಹಾಳೆ ಮೇಲೆ ತಟ್ಟಿ, ಫೋಟೋ ತೆಗೆದು, ಅದೇ ವಿಜ್ಞಾನಿಗೆ ಕಳಿಸಿದೆ. ಅರ್ಧ ಗಂಟೆಗೆ ಉತ್ತರ ಬಂತು: "ಥ್ರಿಪ್ಸ್. ನೀಲಿ ಅಂಟು ಹಲಗೆ ಹಾಕಿ, ಬೇವಿನೆಣ್ಣೆ ಶುರು ಮಾಡಿ." ಅವತ್ತೇ ಸಂಜೆ ಹಲಗೆ ಕಟ್ಟಿದೆ. ಪೂರ್ತಿ ಬೆಳೆ ಉಳೀತು ಅಂತ ಸುಳ್ಳು ಹೇಳಲ್ಲ, ಆದ್ರೆ ಬುಟ್ಟಿ ತುಂಬಿಸುವಷ್ಟು ಉಳೀತು. ಹತ್ತು ದಿನದ ಕೆಲಸ ಅರ್ಧ ಗಂಟೆಗೆ ಬಂತಲ್ಲ, ಅಷ್ಟು ಸಾಕು ನನಗೆ.

ನಿಮ್ಮ ಹತ್ರ ಕ್ಯಾಮೆರಾ ಇಲ್ಲದಿದ್ರೆ ಈ ವಾರ ಬಿಳಿ ಹಾಳೆ, ಭೂತಗನ್ನಡಿ ಇಷ್ಟರಿಂದಲೇ ಶುರು ಮಾಡಿ. ಗೊತ್ತಾಗದಿದ್ರೆ ಕಿಸಾನ್ ಕಾಲ್ ಸೆಂಟರ್ 1800-180-1551ಗೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮುಂದಿನ ವಾರ ಮತ್ತೆ ಸಿಗೋಣ.